ಆರದ ಬ್ರೇಕ್ ಲೈಟ್

ನಮ್ಮ ಕಾರು 2006ರದ್ದು. ವಿಜಯಪುರದಲ್ಲಿ ಗೋಲಗುಮ್ಮಟದ ಮುಂದೆ ಹೋಗುತ್ತಿದ್ದಾಗ ಟಂಟಂನವನೊಬ್ಬ ಪಕ್ಕಕ್ಕೆ ಬಂದು, "ಸರ್, ಬ್ರೇಕ್ ಲೈಟ್ ಆರವಲ್ದು ನೋಡ್ರಿ" ಎಂದ.

ಎರಡು ದಿನದಿಂದ ಬೆಳಿಗ್ಗೆ ಕಾರು ತಳ್ಳಿ ಶುರು ಮಾಡುತ್ತಿದ್ದೆ. ಸುಮ್ನೆ ಬ್ಯಾಟರಿಯನ್ನು ಬೈದಿದ್ದೆ. ಈ ಲೈಟಿಗೆ ಚಾವಿ ಹಾಕಿರಲೇಬೇಕು ಅಂತಿಲ್ಲ. 21 ವ್ಯಾಟಿನ ಎರಡು ಬಲ್ಬ್ ಸೇರಿ ಸುಮಾರು 3.5 ಆಂಪಿಯರ್ ಎಳೆಯುತ್ತವೆ. ರಾತ್ರಿಯಿಡೀ ಉರಿದರೆ 35 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಏನು ಉಳಿಯುತ್ತದೆ?

ಮನೆಗೆ ಬಂದು ಬಗ್ಗಿ ನೋಡಿದೆ. ಕಾಲಡಿಯ ಮ್ಯಾಟ್ ಮೇಲೆ ಬೆಲ್ಲದ ಚೂರಿನಂಥ ಕಂದು ಪ್ಲಾಸ್ಟಿಕ್ ಪುಡಿ! ಬ್ರೇಕ್ ಪೆಡಲಿನ ತೋಳಿನಲ್ಲಿ ಒಂದು ತೂತು, ಅದರಲ್ಲೊಂದು ಸಣ್ಣ ಸ್ಟಾಪರ್ ಇರುತ್ತದೆ. ಕಾಲು ತೆಗೆದಾಗ ಅದು ಸ್ವಿಚ್ಚಿನ ಕಡ್ಡಿಯನ್ನು ಒತ್ತಿ ಲೈಟ್ ಆರಿಸುತ್ತದೆ. ನಮ್ಮದು ಹಳತಾಗಿ ಪುಡಿಯಾಗಿತ್ತು. ಕಡ್ಡಿ ಸೀದಾ ತೂತಿನೊಳಗೆ ಹೋಗಿ ಕೂತಿತ್ತು. ಬೆರಳಿಂದ ಒತ್ತಿದೆ, ಲೈಟ್ ಆರಿತು.

ಅವತ್ತಿಗೆ ಚಪ್ಪಟೆ ತಲೆಯ ಸಣ್ಣ ಬೋಲ್ಟು ತೂರಿಸಿ ನಟ್ ಬಿಗಿದೆ. ಪೆಡಲ್ ಪೂರ್ತಿ ಮೇಲೆ ಬರುತ್ತದಾ ಅಂತ ನಾಲ್ಕು ಸಲ ತುಳಿದು ನೋಡಿದೆ. ಮರುದಿನ ಹೊಸ ಸ್ಟಾಪರ್ ಹಾಕಿದೆ. ಹಾಕಲು ಐದು ನಿಮಿಷ. ಕತ್ತು ನೋವು ಮಾತ್ರ ಸ್ವಲ್ಪ ಜಾಸ್ತಿ ದಿನ ಇತ್ತು.