ಮೈನಸ್ ಒಂದೂಕಾಲಿನ ಕನ್ನಡಕಕ್ಕೆ ನಾನು ಲೆನ್ಸ್ ಆರಿಸಿಕೊಂಡ ಬಗೆ

ನನ್ನ ಎರಡೂ ಕಣ್ಣುಗಳ ನಂಬರು ಮೈನಸ್ 1.25. ಚಿಕ್ಕಮಗಳೂರಿನ ಬಳಿ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಕೆಲಸ ನೋಡಿಕೊಳ್ಳುವವನಾಗಿರುವ ನನಗೆ ಹಗಲೆಲ್ಲ ತೋಟದ ಓಡಾಟ, ವಾರಕ್ಕೆರಡು ರಾತ್ರಿ ಹಾಸನದಿಂದ ಬೇಲೂರಿನ ಮೇಲೆ ಬೈಕಿನಲ್ಲಿ ಮರಳುವ ಕೆಲಸ. ಇವೆರಡನ್ನೂ ಹೇಳದೆ, ಮೊದಲ ಸಲ ಅಂಗಡಿಯಲ್ಲಿ ‘ತೆಳ್ಳಗಿರುವುದು ಕೊಡಿ’ ಎಂದಷ್ಟೇ ಕೇಳಿದೆ. ಅವರು 1.67 ಹೈ ಇಂಡೆಕ್ಸ್ ಲೆನ್ಸ್ ಕೊಟ್ಟರು, ಅಂದರೆ ಬೆಳಕನ್ನು ಹೆಚ್ಚು ಬಾಗಿಸುವುದರಿಂದ ತೆಳ್ಳಗೆ ಮಾಡಬಹುದಾದ ಪ್ಲಾಸ್ಟಿಕ್ಕಿನದು. ಬೆಲೆಯೂ ಹೆಚ್ಚೇ ಆಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಐವತ್ತು ಮಿಲಿಮೀಟರ್ ಅಗಲದ ಲೆನ್ಸಿನಲ್ಲಿ ಅಂಚು ನಡುಭಾಗಕ್ಕಿಂತ ದಪ್ಪವಾಗುವುದು, ಸಾಮಾನ್ಯ ಪ್ಲಾಸ್ಟಿಕ್ಕಾದ ಸಿಆರ್-39ರಲ್ಲಿ ಸುಮಾರು 0.8 ಮಿಲಿಮೀಟರ್, 1.67ರಲ್ಲಿ ಸುಮಾರು 0.6. ಅಂದರೆ ನಾನು ಅಷ್ಟು ಹಣ ತೆತ್ತು ಉಳಿಸಿಕೊಂಡದ್ದು ಹಾಜರಿ ಪುಸ್ತಕದ ಎರಡು ಹಾಳೆಗಳ ದಪ್ಪವನ್ನು. ನಂಬರು ಐದಾರು ಇರುವವರ ವಿಚಾರ ಬೇರೆ.

ನಿಜವಾದ ತೊಂದರೆ ರಾತ್ರಿಯದು. ಧೂಳು ಕೂತ ಲೆನ್ಸನ್ನು ಅಂಗಿಯ ಅಂಚಿನಲ್ಲಿ ಒರೆಸಿ ಒರೆಸಿ, ಬೆಳಕು ಪ್ರತಿಫಲಿಸದಂತೆ ತಡೆಯುವ ಕೋಟಿಂಗ್ ಅಲ್ಲಲ್ಲಿ ಎದ್ದುಹೋಗಿತ್ತು. ಎದುರಿನ ಲಾರಿಯ ದೀಪದ ಪಕ್ಕದಲ್ಲಿ ಅದರದೇ ಮಸುಕು ನೆರಳೊಂದು ತೇಲುತ್ತಿತ್ತು. ಕೋಟಿಂಗ್ ಇಲ್ಲದ 1.67 ಲೆನ್ಸಿನ ಒಂದೊಂದು ಮೈಯೂ ಸುಮಾರು ಶೇಕಡ 6ರಷ್ಟು ಬೆಳಕನ್ನು ಪ್ರತಿಫಲಿಸುತ್ತದೆ, ಸಿಆರ್-39 ಆದರೆ ಶೇಕಡ 4ರಷ್ಟು. ಹೀಗಾಗಿ ಎರಡನೆಯ ಸಲ ಸಿಆರ್-39 ಆರಿಸಿ, ಉಳಿದ ಹಣವನ್ನು ಒಳ್ಳೆಯ ಪ್ರತಿಫಲನ ತಡೆಯುವ ಕೋಟಿಂಗಿಗೆ ಹಾಕಿದೆ. ಅದು ಸರಿಯಾದ ಖರ್ಚು ಎಂದೇ ನನ್ನ ಅಭಿಪ್ರಾಯ.

ತೋಟಕ್ಕೆ ಮಾತ್ರ ಇದು ಸಾಲದೆಂದು ಮಳೆಗಾಲಕ್ಕೆ ಮುಂಚಿನ ಮರಗಸಿಯಲ್ಲಿ, ಅಂದರೆ ನೆರಳಿನ ಮರಗಳ ರೆಂಬೆ ಕಡಿಯುವಾಗ, ತಿಳಿಯಿತು. ಸಿಲ್ವರ್ ಓಕ್ ರೆಂಬೆಯ ಚೂರೊಂದು ಸಿಡಿದು ಎಡಗಡೆಯ ಲೆನ್ಸಿಗೆ ಬಡಿದು, ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಉಳಿಯಿತು. ಹೊಡೆತಕ್ಕೆ ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಲೆನ್ಸಿನ ಇನ್ನೊಂದು ಜೊತೆಯನ್ನು ತೋಟಕ್ಕೆಂದೇ ಮಾಡಿಸಿಕೊಂಡೆ. ಬೆಳಕನ್ನು ಬಣ್ಣಬಣ್ಣವಾಗಿ ಒಡೆಯುವ ದೋಷ ಅದರಲ್ಲಿ ಹೆಚ್ಚು, ಅದನ್ನು ಅಳೆಯುವ ಆಬೆ ಸಂಖ್ಯೆ (ಕಡಿಮೆಯಾದಷ್ಟೂ ದೋಷ ಹೆಚ್ಚು) ಸುಮಾರು 30 ಮಾತ್ರ, ಸಿಆರ್-39ರದು 58. ಆದರೂ ನನ್ನಂಥ ಸಣ್ಣ ನಂಬರಿಗೆ ಅದು ಕಣ್ಣಿಗೆ ಬೀಳಲಿಲ್ಲ. ಮೈ ಮೆದುವಾದ್ದರಿಂದ ಎರಡೂ ಬದಿಗೆ ಹಾರ್ಡ್ ಕೋಟಿಂಗ್ ಇದೆಯೇ ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಂಡೆ. ಈಗ ಮೊದಲು ನೀರಿನಲ್ಲಿ ಧೂಳು ತೊಳೆದು, ಆಮೇಲೆ ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತೇನೆ. ಥಿನ್ನರ್, ಅಸಿಟೋನ್ ಹತ್ತಿರ ಸುಳಿಯಗೊಡುವುದಿಲ್ಲ. ಗರಗಸದ ಯಂತ್ರ ಓಡುವಲ್ಲಿ ಇದೂ ಸಾಲದು, ಪಕ್ಕಗಳನ್ನೂ ಮುಚ್ಚುವ ಗಾಗಲ್ಸ್ ಅದರ ಮೇಲೆ ಹಾಕಿಕೊಳ್ಳುತ್ತೇನೆ.