ಡಿಸೆಂಬರ್ ಸೂಟಿಗೆ ವಿಜಾಪುರಕ್ಕ ಬಂದವ್ರನ್ನ ನಾ ಹೆಂಗ ತಿರುಗಸ್ತೀನಿ

ವರ್ಷದ ಕೊನಿಗೆ ಮಂದಿ ಎಲ್ಲಾ ಗೋವಾದ ಕಡೆ ಮಾರಿ ಮಾಡಿರ್ತಾರ, ನಮ್ಮ ಮನಿ ಕಥಿ ಉಲ್ಟಾ. ಕ್ರಿಸ್‌ಮಸ್ ಸೂಟಿ ಬಿತ್ತಂದ್ರ ಬೆಂಗಳೂರಿಂದ ಅಕ್ಕ, ಭಾವ, ಅವರ ಹುಡುಗೂರು, ಒಮ್ಮೊಮ್ಮೆ ಭಾವಾರ ಆಫೀಸಿನ ಗೆಳೆಯಾರ ಫ್ಯಾಮಿಲಿ ಸುದ್ದಾ ವಿಜಾಪುರಕ್ಕ ಬಂದು ಇಳೀತಾರ. ಊರು ತೋರಸೂ ಡ್ಯೂಟಿ ನಂದ. ಹಿಂಗ ತಿರುಗಿಸಿ ತಿರುಗಿಸಿ ನನಗ ತಿಳದದ್ದು ಏನಂದ್ರ, ಇಲ್ಲಿ ಏನು ನೋಡಬೇಕು ಅನ್ನೂದಕ್ಕಿಂತ ಎಷ್ಟೊತ್ತಿಗೆ ನೋಡಬೇಕು ಅನ್ನೂದ ಮುಖ್ಯ. ಡಿಸೆಂಬರ್ ಅಂದ್ರ ಸಾಲಿ ಟ್ರಿಪ್ಪಿನ ಸೀಸನ್ ನೋಡ್ರಿ, ರಾಜ್ಯದ ಎಲ್ಲಾ ಕಡೆಯಿಂದ ಬಸ್ ಬಂದು ಸಾಲ್ ಹಚ್ಚಿ ನಿಂತಿರ್ತಾವ, ಹನ್ನೊಂದು ಗಂಟೆಕ್ಕ ಗುಮ್ಮಟದಾಗ ಕಾಲಿಟ್ರ ಚೀರಾಟ ಬಿಟ್ಟು ಏನೂ ಕೇಳೂದಿಲ್ಲ.

ಅದಕ್ಕ ಗೋಳಗುಮ್ಮಟ ನನ್ನ ಲಿಸ್ಟಿನಾಗ ಮುಂಜಾನಿ ಮೊದಲನೇದು. ಆರಕ್ಕ ಗೇಟ್ ತೆಗೀತಾರ, ಡಿಸೆಂಬರ್‌ದಾಗ ಆರಕ್ಕ ಇನ್ನೂ ಕತ್ತಲಿರ್ತದ, ಥಂಡಿನೂ ಇರ್ತದ, ಹಿಂಗಾಗಿ ಏಳರ ಸುಮಾರಿಗೆ ಒಳಗಿದ್ರ ಸಾಕು. 15 ವರ್ಷದ ಒಳಗಿನ ಹುಡುಗೂರಿಗೆ ಟಿಕೆಟ್ ಇಲ್ಲ, ದೊಡ್ಡವ್ರಿಗೆ ಕ್ಯೂಆರ್ ಸ್ಕ್ಯಾನ್ ಮಾಡಿ ತಗೊಂಡ್ರ ಒಂದೀಟು ಕಡಿಮಿ ಬೀಳತದ. ಬಂದವ್ರೆಲ್ಲಾ ಹೊರಗ ನಿಂತು ಫೋಟೋ ಹೊಡಿಯೂದ್ರಾಗ ಅರ್ಧಾ ತಾಸು ಕಳೀತಾರ, ನಾ ಬಿಡೂದಿಲ್ಲ, ಫೋಟೋ ಇಳದ ಮ್ಯಾಲೆ ಹೊಡಕೋರಿ ಭಾವಾರ, ಮೊದಲ ಹತ್ತೂಣು ಅಂತ ಎಳಕೊಂಡು ಹೋಗ್ತೀನಿ. ಮೂಲಿಯ ಮಿನಾರದಾಗ ಏಳು ಅಂತಸ್ತು ಹತ್ತಬೇಕು, ಮೆಟ್ಟಲಾ ಇಕ್ಕಟ್ಟು, ಎತ್ತರನೂ ಜಾಸ್ತಿ. ಮೊಣಕಾಲ ನೋವಿದ್ದ ಹಿರ್ಯಾರಿದ್ರ ಅವ್ರನ್ನ ಕೆಳಗಿನ ಮ್ಯೂಸಿಯಂ ಹತ್ರ ಕುಂದ್ರಿಸೂದ ಚಲೋ.

ಮ್ಯಾಲೆ ಹತ್ತಿ ಗುಮ್ಮಟದ ಒಳಗ ಹೋದ್ರ ಸುತ್ತೂಕಡೆ ಗ್ಯಾಲರಿ. ಈ ಕಡೆ ಗ್ವಾಡಿಗೆ ಕಿವಿ ಹಚ್ಚಿ ಒಬ್ರು ಕುಂದ್ರಬೇಕು, ಎದುರಿನ ಕಡೆ ಇನ್ನೊಬ್ರು, ನಡುವ 38 ಮೀಟರ್ ಹತ್ರ ಅಂತರ. ಹೋದ ಸಲ ಅಕ್ಕನ ಸಣ್ಣ ಮಗಳು ಆ ಕಡೆ ಹೋಗಿ ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ಲು, "ಮಾಮಾ, ಐಸ್‌ಕ್ರೀಮ್ ಕೊಡಿಸ್ತೀಯಾ?" ಅಂತ, ನನ್ನ ಕಿವ್ಯಾಗ ಬಂದು ಹೇಳಿದಂಗ ಕೇಳಿಸ್ತು, ನಾ ಈ ಕಡಿಂದ ಮೆಲ್ಲಕ "ನಿಮ್ಮಪ್ಪನ್ನ ಕೇಳು" ಅಂದೆ, ಆ ಹುಡುಗಿ ಬೆಚ್ಚಿಬಿದ್ದು ಹಿಂದ ತಿರುಗಿ ನೋಡಿದ್ಲು! ಕಾಗದ ಹರದ್ರ ಆ ಸಪ್ಪಳ ಸುದ್ದಾ ಆ ಕಡೆ ಹೋಗ್ತದ. ಚಪ್ಪಾಳಿ ಒಂದ ಹೊಡೀರಿ, ಏಳೆಂಟು ಸಲ ತಿರುಗಿ ಬರತದ. ಆದ್ರ ಇದೆಲ್ಲಾ ಮಂದಿ ಬರೂಕಿಂತ ಮೊದಲ ಅಷ್ಟ.

ವಿಜಾಪುರದ ಸುಲ್ತಾನ ಮುಹಮ್ಮದ್ ಆದಿಲ್‌ಶಾಹ 1656ರಾಗ ತೀರ್ಕೊಂಡ, ಅವನ ಗೋರಿ ಇದು. ಗುಮ್ಮಟದ ಹೊರಗಿನ ಅಗಲ 44 ಮೀಟರ್, ಒಳಗ ಒಂದೂ ಕಂಬಿಲ್ಲ. ಭಾವಾರು ಸಿವಿಲ್ ಇಂಜಿನಿಯರ್, ಬಂದಾಗೊಮ್ಮೆ ಕೆಳಗ ನಿಂತು ಕುತ್ತಿಗಿ ಎತ್ತಿ ಆ ಎಂಟು ಕಮಾನು ಒಂದಕ್ಕೊಂದು ಹೆಂಗ ಅಡ್ಡ ಹಾದು ಭಾರ ಗ್ವಾಡಿಗೆ ದಾಟಸ್ತಾವ ಅಂತ ಎಲ್ಲಾರಿಗೂ ಹೇಳ್ತಾರ. ಕೇಳಿದ್ದ ಕೇಳಿದ್ರೂ ನನಗ ಬ್ಯಾಸರ ಆಗಿಲ್ಲ.

ನಡುಮಧ್ಯಾಹ್ನ ಬಿಸಲು ಡಿಸೆಂಬರ್‌ದಾಗೂ ನಮ್ಮಲ್ಲಿ ಚುರುಕ್ ಅಂತದ, ಆಗ ಮನಿಗೆ ಬಂದು ಊಟ ಮಾಡಿ ಒರಗೂದು. ನಾಲ್ಕಕ್ಕ ಎದ್ದು ಟಾಂಗಾ ಹಿಡೀತೀವಿ. ಕಾರ್ ಇದ್ರೂ ಟಾಂಗಾನ, ಹುಡುಗೂರಿಗೆ ಕುದುರಿ ಗಾಡಿ ಅಂದ್ರ ಅದ ಒಂದು ಟ್ರಿಪ್ಪು, ರೊಕ್ಕ ಮಾತ್ರ ಹತ್ತೂಕಿಂತ ಮೊದಲ ಮಾತಾಡ್ಕೋರಿ. ಮೊದಲ ಮಲಿಕ್-ಎ-ಮೈದಾನ್ ತೋಪು. 1549ರಾಗ ಅಹ್ಮದನಗರದಾಗ ಎರಕ ಹೊಯ್ದದ್ದು, 55 ಟನ್ ತೂಕ, ಬಾಯಿ ಸಿಂಹದ್ದು, ಆ ಸಿಂಹದ ಹಲ್ಲಿನ ಸಂದ್ಯಾಗ ಆನಿ ಸಿಕ್ಕಿ ಒದ್ದಾಡೂದನ್ನ ಹುಡುಗೂರಿಗೇ ಹುಡುಕಾಕ ಹಚ್ಚರಿ. ಉಪ್ಪಲಿ ಬುರುಜು ಅಲ್ಲೇ ಹತ್ರ, 1584ರದ್ದು, ಮೆಟ್ಟಲಾ ಹೊರಗಿಂದ ಸುತ್ತಿ ಹೋಗ್ತಾವ, ಮ್ಯಾಲಿಂದ ಇಡೀ ಊರು ಕಾಣತದ. ಬಾರಾ ಕಮಾನ್, ಅಂದ್ರ ಅರ್ಧಕ್ಕ ನಿಂತ ಗೋರಿ, ಹಾದಿಮ್ಯಾಲೆ ನೋಡಿದ್ರಾತು.

ಇಬ್ರಾಹಿಂ ರೋಜಾಕ್ಕ ಮಾತ್ರ ಸಂಜಿ ಬಿಸಲಿದ್ದಾಗ ಹೋಗಬೇಕು. ಗುಮ್ಮಟ ದೊಡ್ಡದು ಖರೇ, ಚಂದ ಯಾವ್ದು ಅಂತ ನನ್ನ ಕೇಳಿದ್ರ ರೋಜಾನ. ಎರಡನೇ ಇಬ್ರಾಹಿಂ ಆದಿಲ್‌ಶಾಹಂದೂ ಅವನ ರಾಣಿ ತಾಜ್ ಸುಲ್ತಾನಾಂದೂ ಗೋರಿ ಒಂದು ಕಡೆ, ಮಸೀದಿ ಎದುರಿಗೆ, ನಡುವ ಕಾರಂಜಿ. ಕಿಡಕಿ ಅಂದ್ರ ಕಲ್ಲಾಗ ಅಕ್ಷರಾನ ಕೊರದು ಜಾಳಿಗಿ ಮಾಡ್ಯಾರ, ಒಳಗ ಬೆಳಕು ಆ ಅಕ್ಷರದ ಸಂದಿಲೇ ಬರಬೇಕು. ತಾಜ್‌ಮಹಲಿಗೆ ಇದ ಮಾದರಿ ಅಂತ ಗೈಡ್‌ಗಳು ಹೇಳೇ ಹೇಳ್ತಾರ, ಅದು ಇರಲಿ, ಅಲ್ಲೆ ಕಟ್ಟಿಮ್ಯಾಲೆ ಸುಮ್ನ ಒಂದು ತಾಸು ಕುಂತು ಬರ್ರಿ.

ಇನ್ನ ಎರಡನೇ ದಿನ ಎಲ್ಲಾರೂ ಆಲಮಟ್ಟಿ ಅಂತಾರ. ಡ್ಯಾಂ, ರಾಕ್ ಗಾರ್ಡನ್, ಸಂಜಿಕಿ ಮ್ಯೂಸಿಕಲ್ ಫೌಂಟೇನ್, ಹುಡುಗೂರಿಗೆ ಸೇರ್ತದ. ದಾರ್ಯಾಗ ಬಸವನ ಬಾಗೇವಾಡಿ, ಬಸವಣ್ಣನವರು ಹುಟ್ಟಿದ ಊರು, ಮುಂದ ಕೃಷ್ಣಾ ಮಲಪ್ರಭಾ ಕೂಡೂ ಕೂಡಲಸಂಗಮಕ್ಕ ಹೋದ್ರ ಐಕ್ಯ ಮಂಟಪ. ಡಿಸೆಂಬರ್ 25, ಜನವರಿ 1, ಇಲ್ಲಾ ರವಿವಾರ ಮಾತ್ರ ಬ್ಯಾಡ, ಪಾರ್ಕಿಂಗ್ ಸಿಗೂದ್ರಾಗ ಹೊತ್ತು ಮುಳಗತದ.

ನಾ ಆಲಮಟ್ಟಿಕಿಂತ ಹೊಲಕ್ಕ ಕರಕೊಂಡು ಹೋಗೂದಕ್ಕ ಜಾಸ್ತಿ ತಯಾರಿ ಮಾಡ್ತೀನಿ. ಈ ಹೊತ್ತಿನಾಗ ಹಿಂಗಾರಿ ಜ್ವಾಳ ಹಾಲ್ಗಾಳಿಗೆ ಬರತಿರ್ತದ, ಸೀತನಿ, ಅಂದ್ರ ಎಳೀ ಜ್ವಾಳದ ತೆನಿ ಸುಟ್ಟು ತಿನ್ನೂ ಟೈಮ್. ನೆಲದಾಗ ಸಣ್ಣ ಕುಣಿ ತೋಡಿ ಕುಳ್ಳು ಹಚ್ಚಿ, ಹೊಗಿ ಹೋಗಿ ಕೆಂಡ ಆದ ಮ್ಯಾಲೆ ಹಸೀ ತೆನಿ ಅದ್ರಾಗ ಇಟ್ಟು ತಿರುವಿ ತಿರುವಿ ಸುಡೂದು, ತೆಗದು ಬಿಸಿ ಇದ್ದಾಗನ ತಿಕ್ಕಿ ಮರದಾಗ ಹಾಕಿ ಕೇರಿದ್ರ ಹಸರ ಕಾಳು ಮೆತ್ತಗ ಉಳೀತಾವ. ಕೈ ಸುಡತದ, ಆರಿದ್ರ ರುಚಿ ಹೋಗ್ತದ, ಹಿಂಗಾಗಿ ತಿಕ್ಕವ್ರು ತಿಕ್ಕಬೇಕು ತಿನ್ನವ್ರು ಅಲ್ಲೇ ಕುಂತು ತಿನ್ನಬೇಕು. ಶೇಂಗಾ ಚಟ್ನಿ, ಬೆಲ್ಲ, ಗಟ್ಟಿ ಮೊಸರು ಮನಿಂದ ಒಯ್ಯೂದು. ಸಕ್ಕರಿ ಮುಕ್ಕರಿ ಜ್ವಾಳ ಸಿಕ್ರ ಬೆಲ್ಲನೂ ಬೇಕಾಗಿಲ್ಲ. ಸ್ವಂತ ಹೊಲ ಇಲ್ಲದವ್ರು ಪರಿಚಯದ ರೈತರಿಗೆ ಒಂದು ವಾರ ಮೊದಲ ಹೇಳಿಡ್ರಿ. ಸೂಟ್ಯಾಗ ಹೊಲದ ಪೂಜಿ ಮಾಡೂ ಎಳ್ಳ ಅಮಾಸಿ ಬಂದ್ರಂತೂ ಕೇಳೂದ ಬ್ಯಾಡ, 2024ರಾಗ ಡಿಸೆಂಬರ್ 30ಕ್ಕ ಬಂದಿತ್ತು, ಸಜ್ಜಿ ರೊಟ್ಟಿ, ಭಜ್ಜಿ ಪಲ್ಯಾ, ಶೇಂಗಾ ಹೋಳಗಿ ಕಟಗೊಂಡು ಹೋಗಿ ಚರಗಾ ಚೆಲ್ಲಿ (ಹೊಲಕ್ಕ ನೈವೇದ್ಯ ಎರಚಿ) ಹೊಲದಾಗ ಉಂಡದ್ದನ್ನ ಬೆಂಗಳೂರು ಹುಡುಗೂರು ಇನ್ನೂ ನೆನಸ್ತಾವ, ಡ್ಯಾಂ ಫೌಂಟೇನ್ ಬಗ್ಗೆ ಒಂದ ಮಾತಿಲ್ಲ.

31ರ ರಾತ್ರಿ ಹೋಟೆಲ್ ಪಾರ್ಟಿಗೆ ನಾವು ಹೋಗೂದಿಲ್ಲ, ಮಾಳಿಗಿ ಮ್ಯಾಲೆ ಮಿರ್ಚಿ ಭಜಿ ಕರದು ಚುರಮುರಿ ತಿಂದ್ರ ನಮ್ಮ ಹೊಸಾ ವರ್ಷ ಆತು. ಅವ್ವ ಮಾತ್ರ ಜನವರಿ 2ಕ್ಕ ಎಲ್ಲಾರನ್ನೂ ಜ್ಞಾನಯೋಗಾಶ್ರಮಕ್ಕ ಹೊರಡಸ್ತಾಳ, 2023ರಾಗ ಅಂದ ಆ ಆಶ್ರಮದ ಸ್ವಾಮಿಗಳು ಸಿದ್ಧೇಶ್ವರ ಅಪ್ಪಾರು ತೀರ್ಕೊಂಡದ್ದು. ಗುಡಿ ಕಟ್ಟಬ್ಯಾಡ್ರಿ, ಸ್ಮಾರಕ ಬ್ಯಾಡ, ದಹನ ಮಾಡ್ರಿ ಅಂತ ಅವ್ರು ಮೊದಲ ಬರದಿಟ್ಟಿದ್ರು. ಹಿಂದಿನ ದಿನ ಅಷ್ಟು ದೊಡ್ಡ ಗುಮ್ಮಟ ನೋಡಿ ಬಂದವ್ರಿಗೆ ಇದನ್ನ ಹೇಳಿದ್ರ ಒಂದು ಗಳಿಗಿ ಸುಮ್ನಾಗ್ತಾರ.

ತಿರುಗಿ ಹೋಗೂ ಟಿಕೆಟ್ ಮಾತ್ರ ಮೊದಲ ಮಾಡ್ಸಿಡ್ರಿ, ರೈಲ್ವೆ ಬುಕಿಂಗ್ 60 ದಿನ ಮೊದಲ ತೆಗೀತದ, ಜನವರಿ ಮೊದಲ ವಾರದ ಗೋಳಗುಮ್ಮಟ ಎಕ್ಸ್‌ಪ್ರೆಸ್ಸಿಗೆ ನವೆಂಬರ್ ಮೊದಲನ ಕುಂದ್ರಬೇಕು, ಇಲ್ಲಂದ್ರ ಸ್ಲೀಪರ್ ಬಸ್ಸಿನವ್ರು ಕೇಳಿದಷ್ಟು ಕೊಡಬೇಕಾಗ್ತದ. ಅಕ್ಕನ ಬ್ಯಾಗಿನಾಗ ಖಡಕ್ ರೊಟ್ಟಿ ಕಟ್ಟು, ಮಣೂಕ (ಒಣ ದ್ರಾಕ್ಷಿ) ಎರಡು ಕಿಲೋ ಕಾಯಂ. ಈ ಸಲ ಅಕಿ ಸಂಕ್ರಾಂತಿಗೆ ಊರಿನ ಸಿದ್ದೇಶ್ವರ ದೇವರ ಗುಡಿ ಜಾತ್ರಿ ಮುಗಿಸೇ ಹೋಗ್ತೀನಿ ಅಂತ ಈಗಿಂದ ಹಟ ಹಿಡದಾಳ, ಹುಡುಗೂರ ಸಾಲಿ ಗತಿ ಏನು ಅಂತ ಭಾವಾರು ನನ್ನ ಕೇಳ್ತಾರ, ನಾ ಏನು ಹೇಳ್ಲಿ.