ಗಿಟ್‌ಹಬ್‌ನಿಂದ ಕೋಡ್‌ಬರ್ಗ್‌ಗೆ: ಕೋಡ್ ಜೊತೆ ಇಶ್ಯೂಗಳೂ ಬರಲಿ

ನಮ್ಮದು ಚಿಕ್ಕ ಪ್ರಾಜೆಕ್ಟ್. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆ ಫೈಲುಗಳನ್ನು ಯೂನಿಕೋಡ್ ಮಾಡುವ ಪೈಥಾನ್ ಸ್ಕ್ರಿಪ್ಟ್. ಧಾರವಾಡದ ಸಪ್ತಾಪುರದಲ್ಲಿ, ನನ್ನ ಬಾಡಿಗೆ ರೂಮಿನಲ್ಲಿ ಶುರುವಾಗಿದ್ದು. ಗಿಟ್‌ಹಬ್‌ನಲ್ಲಿದ್ದ ಅದನ್ನು ಈಗ ಕೋಡ್‌ಬರ್ಗ್‌ಗೆ ತಂದಿದ್ದೇವೆ. ಎರಡೂ ಕೋಡ್ ಇಟ್ಟು ಜೊತೆಯಾಗಿ ಕೆಲಸ ಮಾಡುವ ತಾಣಗಳು. ಕೋಡ್‌ಬರ್ಗ್ ನಡೆಸುವುದು ಬರ್ಲಿನ್‌ನ ಒಂದು ಲಾಭರಹಿತ ಸಂಘ. ಅದು ಬಳಸುವ ಫೋರ್ಜೆಯೊ ಎಂಬ ತಂತ್ರಾಂಶ ಕೂಡ ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. ನಿಮ್ಮ ಪ್ರಾಜೆಕ್ಟಿಗೂ ಮುಕ್ತ ಲೈಸೆನ್ಸ್ ಇರಬೇಕು, ಅದನ್ನು ಮೊದಲು ನೋಡಿಕೊಳ್ಳಿ.

ಹಿಂದೆ ಇನ್ನೊಂದು ಪ್ರಾಜೆಕ್ಟನ್ನು ಅವಸರದಲ್ಲಿ ಸಾಗಿಸಿದ್ದೆ. ಹೊಸ ರೆಪೊ (ಪ್ರಾಜೆಕ್ಟಿನ ಫೈಲುಗಳು, ಅವುಗಳ ಇತಿಹಾಸ ಇರುವ ಜಾಗ) ತೆರೆದು ಸುಮ್ನೆ ಪುಶ್ ಮಾಡಿದೆ, ಅಂದರೆ ಕೋಡ್ ಕಳಿಸಿದೆ, ಹಳೆಯದನ್ನು ಅಳಿಸಿದೆ. ಮೇನ್ ಬ್ರಾಂಚ್ (ಕೋಡಿನ ಮುಖ್ಯ ಕವಲು) ಮಾತ್ರ ಹೋಗಿತ್ತು. ಆವೃತ್ತಿ ಗುರುತಿಸುವ ಟ್ಯಾಗ್ ಇಲ್ಲ, ಜನ ದೋಷ ತಿಳಿಸಿ ಚರ್ಚಿಸಿದ ಇಶ್ಯೂ ಇಲ್ಲ. ಆ ಸಂಕಟ ಇನ್ನೂ ಇದೆ.

ಇಶ್ಯೂ ಯಾಕೆ ಅಷ್ಟು ಮುಖ್ಯ ಅಂದರೆ, ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಕಾಕಾ ಒಮ್ಮೆ ಇಶ್ಯೂನಲ್ಲಿ ಮದುವೆ ಕಾರ್ಡಿನ ಫೋಟೋ ಹಾಕಿದ್ದರು. ‘ಧರ್ಮ’ ಅನ್ನುವುದು ‘ಧಮರ್’ ಆಗಿತ್ತು. ನುಡಿ ಫೈಲಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಇದನ್ನು ಸರಿಮಾಡಿದ ಕೋಡ್ ಬರೀ ನಾಲ್ಕು ಸಾಲು. ಆದರೆ ಆ ನಾಲ್ಕು ಸಾಲು ಯಾಕೆ ಬೇಕು ಅನ್ನುವುದು ಆ ಇಶ್ಯೂನಲ್ಲೇ ಇದೆ. ಕೋಡಿನೊಳಗಿನ ಕಾಮೆಂಟಿನಲ್ಲಿ ಅದರ ನಂಬರ್ ಅಷ್ಟೇ ಬರೆದಿದ್ದೇವೆ.

ಹಾಗಾಗಿ ಈ ಸಲ ಮೊದಲು ಬ್ಯಾಕಪ್. ರೆಪೊದ ಪ್ರತಿ ಇಳಿಸುವ ಗಿಟ್ ಕ್ಲೋನ್ ಆದೇಶಕ್ಕೆ ಮಿರರ್ ಆಯ್ಕೆ ಕೊಟ್ಟರೆ ಎಲ್ಲ ಬ್ರಾಂಚು, ಟ್ಯಾಗು ಬರುತ್ತವೆ. ಪೆನ್‌ಡ್ರೈವ್‌ನಲ್ಲೂ ಒಂದು ಪ್ರತಿ ಇಡಿ. ವಿಕಿ ಇದ್ದರೆ ಅದು ಬೇರೆಯೇ ರೆಪೊ, ಅದನ್ನೂ ತೆಗೆದುಕೊಳ್ಳಿ.

ಇನ್ನು ಕೋಡ್‌ಬರ್ಗ್‌ನಲ್ಲಿ ಖಾಲಿ ರೆಪೊ ತೆರೆದು ಪುಶ್ ಮಾಡಬೇಡಿ. ಅಲ್ಲಿನ ಮೈಗ್ರೇಶನ್ (ಸಾಗಿಸುವ) ಫಾರ್ಮ್ ತಾನೇ ಹೊಸ ರೆಪೊ ತೆರೆಯುತ್ತದೆ. ಮೊದಲೇ ಇರುವ ರೆಪೊಗೆ ಇಶ್ಯೂ ತುಂಬಲು ಅದು ಬಿಡುವುದಿಲ್ಲ. ಫಾರ್ಮಿನಲ್ಲಿ ಗಿಟ್‌ಹಬ್ ಟೋಕನ್ (ಪಾಸ್‌ವರ್ಡ್ ಥರದ ಕೀಲಿ) ಹಾಕಿ. ಅದಿಲ್ಲದಿದ್ದರೆ ಕೋಡ್ ಮಾತ್ರ ಬರುತ್ತದೆ. ಆಮೇಲೆ ಇಶ್ಯೂ, ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳಿ ಎಂದು ಕಳಿಸಿದ ಬದಲಾವಣೆ), ಲೇಬಲ್, ರಿಲೀಸ್, ವಿಕಿ ಎಲ್ಲಕ್ಕೂ ಟಿಕ್ ಮಾಡಿ. ಕೆಲಸ ಮುಗಿದ ಕೂಡಲೇ ಟೋಕನ್ ರದ್ದು ಮಾಡಿ.

ಬಂದದ್ದನ್ನು ಎಣಿಸಿ ನೋಡಿ: ಬ್ರಾಂಚ್ ಎಷ್ಟು, ಟ್ಯಾಗ್ ಎಷ್ಟು, ಇಶ್ಯೂ ಎಷ್ಟು. ನಾನು ಬೇರೆ ಫೋಲ್ಡರಿನಲ್ಲಿ ಹೊಸದಾಗಿ ಕ್ಲೋನ್ ಮಾಡಿ ಟೆಸ್ಟ್ ಓಡಿಸಿದೆ. ಅರ್ಕಾವೊತ್ತಿನ ಇಶ್ಯೂ ತೆರೆದೆ. ಕಾಕಾ ಹಾಕಿದ್ದ ಫೋಟೋ ಕಾಣಿಸಿತು. ಆದರೆ ಇಶ್ಯೂಗಳ ಹಳೆ ಕಾಮೆಂಟಿನ ಫೋಟೋಗಳು ಗಿಟ್‌ಹಬ್‌ನ ಲಿಂಕಿನಿಂದಲೇ ಬರುತ್ತಿರಬಹುದು, ಅಲ್ವಾ? ಅದಕ್ಕೇ ಮುಖ್ಯವಾದವನ್ನು ಇಳಿಸಿ ಮತ್ತೆ ಹಾಕಿದೆ. ಮೆಚ್ಚಿದವರು ಕೊಟ್ಟ ಸ್ಟಾರ್‌ಗಳು ಬರುವುದಿಲ್ಲ, ಅದಕ್ಕೆ ಬೇಸರ ಬೇಡ. ಆಟೋಮ್ಯಾಟಿಕ್ ಟೆಸ್ಟಿನ ಸೀಕ್ರೆಟ್‌ಗಳನ್ನು (ಪಾಸ್‌ವರ್ಡ್, ಕೀಲಿಗಳನ್ನು) ಮಾತ್ರ ನೀವೇ ಮತ್ತೆ ಹಾಕಬೇಕು.

ಜೊತೆಗಾರರು ಮತ್ತೆ ಕ್ಲೋನ್ ಮಾಡಬೇಕಿಲ್ಲ. ತಮ್ಮ ಪ್ರತಿಯಲ್ಲಿ ಗಿಟ್ ರಿಮೋಟ್‌ನ, ಅಂದರೆ ದೂರದ ರೆಪೊದ, ವಿಳಾಸ ಬದಲಿಸಿದರೆ ಸಾಕು.

ಹಳೆ ರೆಪೊ ಅಳಿಸಬೇಡಿ. ಅದರ ರೀಡ್‌ಮಿಯಲ್ಲಿ (ಪರಿಚಯದ ಫೈಲಿನಲ್ಲಿ) ಮೊದಲ ಸಾಲಿಗೇ ಹೊಸ ವಿಳಾಸ ಬರೆಯಿರಿ, ಆಮೇಲೆ ಆರ್ಕೈವ್ ಮಾಡಿ. ಆರ್ಕೈವ್ ಆದಮೇಲೆ ಬರೆಯಲು ಬರುವುದಿಲ್ಲ. ರೀಡ್‌ಮಿ ಓದದವರೂ ಇರುತ್ತಾರೆ. ಅವರಿಗೆ ಫೋನ್ ಮಾಡಿ. “ತಮ್ಮಾ, ಹೊಸಾದು ಎಲ್ಲಿ ಸಿಗತೈತಿ?” ಎಂದರು ಕಾಕಾ. ಜಿಪ್ ಫೈಲಿನ ಲಿಂಕನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ಅದು ತೆರೆಯಿತು ಎಂದು ಅವರು ಹೇಳಿದ ಮೇಲೆಯೇ ಹಳೆಯದನ್ನು ಆರ್ಕೈವ್ ಮಾಡಿದೆ.